ಮೊಣಕಾಲಿನ ಅಸ್ಥಿರಜ್ಜು: ಮಲ್ಲರ ಗಾಯವೊಂದರ ಚರಿತ್ರೆ

೧

ಹುಮನಾಬಾದಿನ ಮಗ್ಗುಲಿಗೆ ಮಾಣಿಕನಗರವಿದೆ; ಅಲ್ಲಿಂದ ಪಶ್ಚಿಮಕ್ಕೆ ಚಾಳುಕ್ಯರ ರಾಜಧಾನಿಯಾಗಿದ್ದ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ. ಬೀದರ ಜಿಲ್ಲೆಯ ಈ ಸೀಮೆಯ ಜಾತ್ರೆಗಳಲ್ಲಿ ಜಂಗೀ ಕುಸ್ತಿ ಹಳೆಯ ವಾಡಿಕೆ. ಕೆಮ್ಮಣ್ಣಿನ ಕಣ, ಸುತ್ತಲೂ ನೆರೆದ ಜನ, ಹಲಗೆಯ ಸದ್ದು, ವಸ್ತಾದರ ಎದುರಿಗೆ ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳುವ ಪೈಲ್ವಾನರು—ಈ ಚಿತ್ರವನ್ನು ನಮ್ಮ ವಾಚಕರಲ್ಲಿ ಅನೇಕರು ಕಣ್ಣಾರೆ ಕಂಡಿರಬಹುದು. ಅದೇ ಕಣದ ಅಂಚಿನಲ್ಲಿ ಮತ್ತೊಂದು ಚಿತ್ರವೂ ಉಂಟು. ಗೆಲ್ಲದೆ ಸೋಲದೆ, ಮೊಣಕಾಲನ್ನು ಎರಡು ಕೈಗಳಿಂದ ಹಿಡಿದು, ಇಬ್ಬರ ಹೆಗಲಿನ ಆಸರೆಯಿಂದ ಕಣದ ಹೊರಗೆ ಬರುವ ತರುಣನ ಚಿತ್ರ ಅದು. ಎಲುಬು ಮುರಿದಿಲ್ಲ, ರಕ್ತ ಸುರಿದಿಲ್ಲ. ಕೆಲವು ವಾರಗಳಲ್ಲಿ ಬಾವು ಇಳಿದು ಆತನು ಎಂದಿನಂತೆ ನಡೆಯುತ್ತಾನೆ. ಆದರೆ ಮುಂದಿನ ಜಾತ್ರೆಯಲ್ಲಿ ಪಟ್ಟು ಹಾಕಿ ತಿರುಗುವಷ್ಟರಲ್ಲಿ ಮೊಣಕಾಲು ಒಳಗಿನಿಂದ ಜಾರಿದಂತಾಗಿ ಕುಸಿದುಬೀಳುತ್ತಾನೆ. ಅಲ್ಲಿಗೆ ಅವನ ಕುಸ್ತಿ ಮುಗಿಯಿತು. ಏಕೆ ಮುಗಿಯಿತೆಂಬುದು ಅವನಿಗೂ ತಿಳಿಯದು, ಊರಿಗೂ ತಿಳಿಯದು.

ಪ್ರಕೃತ ಪ್ರಬಂಧದಲ್ಲಿ ನಾವು ಈ ಗಾಯದ ಚರಿತ್ರೆಯನ್ನು ಪರಿಶೀಲಿಸಲು ಹೊರಟಿದ್ದೇವೆ. ಯುದ್ಧಗಳಿಗೂ ಶಾಸನಗಳಿಗೂ ಚರಿತ್ರೆಯಿರುವಂತೆ ಗಾಯಗಳಿಗೂ ಚರಿತ್ರೆಯುಂಟು. ಮೊಣಕಾಲಿನ ಗಾಯವನ್ನು ಕುರಿತು ನಮಗೆ ಮುಖ್ಯವಾಗಿ ತೋರುವ ಮಾತು ಇಷ್ಟೇ: ಇದು ಚಿಕಿತ್ಸೆಯ ಚರಿತ್ರೆಯಾಗಿರುವುದಕ್ಕಿಂತ ಹೆಚ್ಚಾಗಿ ಗುರುತಿಸುವಿಕೆಯ ಚರಿತ್ರೆ. ಪ್ರತಿಯೊಂದು ಕಾಲದಲ್ಲಿಯೂ ಚಿಕಿತ್ಸೆಯು ಸೋತದ್ದು ಬಹುಮಟ್ಟಿಗೆ ಗಾಯವು ಕಣ್ಣಿಗೆ ಬೀಳದೆ ಹೋದುದರಿಂದ. ಆ ಸೋಲು ಇಂದಿಗೂ ನಮ್ಮ ಕಣಗಳಲ್ಲಿಯೂ ಕಾಲೇಜುಗಳ ಆಟದ ಬಯಲುಗಳಲ್ಲಿಯೂ ನಡೆಯುತ್ತಲೇ ಇದೆ.

೨

ಮೊದಲಿಗೆ ಹೆಸರಿನ ವಿಚಾರ. ಎಲುಬಿಗೂ ಎಲುಬಿಗೂ ಕಟ್ಟು ಹಾಕುವ ಗಟ್ಟಿಯಾದ ಬಿಳಿಯ ಪಟ್ಟಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಅಸ್ಥಿರಜ್ಜುವೆಂಬ ಹೆಸರಿದೆ. ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಪಟ್ಟಿಯು ಸ್ನಾಯುರಜ್ಜು. ಜನರ ಮಾತಿನಲ್ಲಿ ಈ ಭೇದವಿಲ್ಲ. ರಕ್ತ ಹರಿಯುವುದೂ ನರ, ಸಂವೇದನೆಯನ್ನು ಒಯ್ಯುವುದೂ ನರ, ಕೀಲನ್ನು ಬಿಗಿದಿರುವುದೂ ನರ. ಪೈಲ್ವಾನನ ಅಸ್ಥಿರಜ್ಜು ಹರಿದರೆ ಮನೆಯವರು ಹೇಳುವುದು 'ನರ ಹಿಡಿದಿದೆ' ಎಂದೋ 'ನರ ಸರಿದಿದೆ' ಎಂದೋ. ಸರಿದುದನ್ನು ತಿಕ್ಕಿ ಕೂಡಿಸಬಹುದೆಂಬ ಆಸೆ ಆ ಮಾತಿನಲ್ಲಿಯೇ ಅಡಗಿದೆ. ಹರಿದುದೆಂಬ ಅರಿವಿಗೆ ಅಲ್ಲಿ ಎಡೆಯಿಲ್ಲ.

ಇದು ಕನ್ನಡಕ್ಕೆ ಮಾತ್ರ ಸಲ್ಲುವ ಕೊರತೆಯಲ್ಲ. ಪ್ರಾಚೀನ ಗ್ರೀಕರ ವೈದ್ಯಗ್ರಂಥಗಳಲ್ಲಿಯೂ ನ್ಯೂರಾನ್ ಎಂಬ ಒಂದೇ ಶಬ್ದವು ಕಟ್ಟುನಾರಿಗೂ ನರಕ್ಕೂ ಸಲ್ಲುತ್ತಿತ್ತು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಪೆರ್ಗಮಾನ್ ನಗರದ ಖಡ್ಗಮಲ್ಲರಿಗೆ ವೈದ್ಯನಾಗಿದ್ದ ಗ್ಯಾಲೆನನು ನರ, ಸ್ನಾಯುರಜ್ಜು ಮತ್ತು ಅಸ್ಥಿರಜ್ಜುಗಳನ್ನು ಬೇರೆ ಬೇರೆಯಾಗಿ ವಿವರಿಸಿದನು. ಮೊಣಕಾಲಿನೊಳಗೆ ಒಂದನ್ನೊಂದು ಅಡ್ಡಹಾಯುವ ಎರಡು ರಜ್ಜುಗಳು ಕೀಲನ್ನು ನೆಲೆಗೊಳಿಸುತ್ತವೆಂದು ತಿಳಿಸಿದನು. ಕಾದಾಡುವವರ ಗಾಯಗಳನ್ನು ಕಟ್ಟುತ್ತಿದ್ದ ವೈದ್ಯನಿಗೆ ಈ ತಿಳಿವು ದೊರೆತುದು ಆಕಸ್ಮಿಕವಲ್ಲವೆಂದು ನಮ್ಮ ಊಹೆ.

ನಮ್ಮ ನಾಡಿನಲ್ಲಿ ಈ ತಿಳಿವು ಸುಶ್ರುತಸಂಹಿತೆಯಲ್ಲಿ ದೊರೆಯುತ್ತದೆ. ಅದನ್ನು ಓದುವಾಗ ಒಂದು ಎಚ್ಚರಿಕೆ ಅವಶ್ಯ. ಇಂದಿನ ಕನ್ನಡದಲ್ಲಿ ಸ್ನಾಯುವೆಂದರೆ ಮಾಂಸಖಂಡ. ಸುಶ್ರುತನ ಸ್ನಾಯುವು ಬಹುಮಟ್ಟಿಗೆ ಇಂದಿನ ರಜ್ಜು. ಈ ಅರ್ಥಭೇದವನ್ನು ಮರೆತು ಓದಿದರೆ ಶಾರೀರಸ್ಥಾನದ ಸ್ನಾಯುವಿಚಾರವೆಲ್ಲ ತಲೆಕೆಳಗಾಗುತ್ತದೆ. ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದಾಗ ದೋಣಿಯು ನೀರಿನ ಮೇಲೆ ಭಾರವನ್ನು ಹೊರುವಂತೆ, ಸ್ನಾಯುಗಳಿಂದ ಬಿಗಿದ ಕೀಲುಗಳಿರುವುದರಿಂದ ಮನುಷ್ಯನು ಭಾರವನ್ನು ಹೊರಬಲ್ಲನೆಂಬುದು ಅಲ್ಲಿನ ಉಪಮಾನದ ತಾತ್ಪರ್ಯ. ಎಲುಬಿಗಿಂತಲೂ ಮಾಂಸಕ್ಕಿಂತಲೂ ಸ್ನಾಯುವಿಗೆ ಬಿದ್ದ ಪೆಟ್ಟು ಹೆಚ್ಚು ಕೇಡುಮಾಡುವುದೆಂಬ ಮಾತೂ ಅಲ್ಲಿಯೇ ಬರುತ್ತದೆ. ಮರ್ಮಗಳನ್ನು ಎಣಿಸುವಾಗ ತೊಡೆ ಮತ್ತು ಕೆಳಗಾಲುಗಳು ಕೂಡುವೆಡೆಯನ್ನು ಜಾನುಮರ್ಮವೆಂದು ಕರೆದು, ಅದಕ್ಕೆ ಪೆಟ್ಟಾದರೆ ಕುಂಟುತನ ಬರುವುದೆಂದು ಹೇಳಿದೆ. ಈ ಮರ್ಮವು ಪ್ರಾಣಹರವಲ್ಲ, ವೈಕಲ್ಯಕರ. ಪ್ರಾಣಕ್ಕೆ ಅಪಾಯವಿಲ್ಲ, ಬದುಕಿಗೆ ಊನವುಂಟು—ಮೊಣಕಾಲಿನ ರಜ್ಜುಗಾಯದ ಸ್ವರೂಪವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ಕಷ್ಟ.

೩

ಇನ್ನು ಕಲ್ಯಾಣದ ಕಡೆಗೆ ಬರೋಣ. ೧೧೨೬ರಿಂದ ೧೧೩೮ರವರೆಗೆ ಆಳಿದ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥಚಿಂತಾಮಣಿ' ವಿದ್ವಾಂಸರಿಗೆ ವಿದಿತವಾದ ಗ್ರಂಥ. ಇದರ ಮೊದಲ ಭಾಗವನ್ನು ಆರ್. ಶಾಮಶಾಸ್ತ್ರಿಗಳು ಸಂಪಾದಿಸಿ ೧೯೨೬ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದರು. ಗ್ರಂಥದ ಮಲ್ಲವಿನೋದದ ಅಧ್ಯಾಯವು ಭಾರತದ ಕ್ರೀಡಾಚರಿತ್ರೆಯನ್ನು ಬರೆಯುವವರಿಗೆಲ್ಲ ಆಕರ. ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ಅಲ್ಲಿ ವರ್ಗೀಕರಿಸಿದೆ. ಭಾರವನ್ನೆತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ತೋಳಿಗೆ ತೋಳೊಡ್ಡುವ ಬಾಹುಪೆಲ್ಲಣಕಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಎಂಬ ವ್ಯಾಯಾಮಗಳನ್ನೂ ಮಲ್ಲರ ಆಹಾರಕ್ರಮವನ್ನೂ ವಿವರಿಸಿದೆ. ಒಂದೇ ಅಂಗವನ್ನು ಬೆಳೆಸದೆ ಇಡಿಯ ದೇಹವನ್ನು ಹದಗೊಳಿಸುವ ಈ ಕ್ರಮವನ್ನು ಇಂದಿನ ವ್ಯಾಯಾಮಶಾಸ್ತ್ರಜ್ಞರೂ ಮೆಚ್ಚುವರು. ಆದರೆ ಇದು ಅರಸನ ವಿನೋದವನ್ನು ಕುರಿತ ಅಧ್ಯಾಯ. ಅದರ ದೃಷ್ಟಿ ತಾಲೀಮಿನ ಮೇಲೂ ಸೆಣಸಾಟದ ಮೇಲೂ ಇದೆ. ಬಿದ್ದ ಮಲ್ಲನ ಮೊಣಕಾಲು ಮುಂದೆ ಏನಾಯಿತೆಂಬುದು ವಿನೋದದ ವಿಷಯವಲ್ಲವಷ್ಟೆ.

ಆ ಹೊಣೆಯನ್ನು ಹೊತ್ತವರು ಮಲ್ಲರೇ. ಕನ್ನಡದ ಜಟ್ಟಿಯೆಂಬ ಶಬ್ದವನ್ನು ವಿದ್ವಾಂಸರು ಜ್ಯೇಷ್ಠಿಯೆಂಬ ಮಲ್ಲವಾಚಕದೊಡನೆ ಸಂಬಂಧಿಸುತ್ತಾರೆ. ಹಳೆಯ ಮೈಸೂರಿನ ಜಟ್ಟಿಗಳು ಮೈಸೂರು ದಸರೆಯ ವಜ್ರಮುಷ್ಟಿ ಕಾಳಗಕ್ಕೆ ಹೆಸರಾದಂತೆಯೇ ತಪ್ಪಿದ ಕೀಲನ್ನು ಕೂಡಿಸುವುದಕ್ಕೂ ಹೆಸರಾಗಿದ್ದರು. ಕಲ್ಯಾಣದ ಸೀಮೆಯ ತಾಲೀಮುಗಳಲ್ಲಿಯೂ ಉಳುಕಿಗೆ ಕೈಹಾಕುವವನು ವಸ್ತಾದನೇ. ಕಳಚಿದ ಭುಜವನ್ನು ಕೂಡಿಸುವುದರಲ್ಲಿ ಈ ಪರಂಪರೆಗೆ ನಿಜವಾದ ಅನುಭವವಿದೆ; ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಕಳಚಿದ ಕೀಲು ಹೊರಗೆ ಕಾಣುತ್ತದೆ, ಕೂಡಿದಾಗ ಕೈಗೆ ತಿಳಿಯುತ್ತದೆ. ಮೊಣಕಾಲಿನ ಒಳಗೆ ಹರಿದ ರಜ್ಜು ಹೊರಗೆ ಕಾಣುವುದಿಲ್ಲ. ಎಷ್ಟು ತಿಕ್ಕಿದರೂ ಕೂಡುವುದೂ ಇಲ್ಲ.

೪

ಮುಂದಿನ ಚರಿತ್ರೆ ತಿಳಿಯಬೇಕಾದರೆ ಕೀಲಿನ ರಚನೆಯನ್ನು ಸ್ವಲ್ಪಮಟ್ಟಿಗೆ ನೋಡಬೇಕು. ತೊಡೆಯೆಲುಬಿನ ದುಂಡಾದ ತುದಿಯು ಕೆಳಗಾಲೆಲುಬಿನ ಹೆಚ್ಚು ಕಡಿಮೆ ಚಪ್ಪಟೆಯಾದ ತಲೆಯ ಮೇಲೆ ಕುಳಿತಿದೆ. ಎಲುಬುಗಳ ಆಕಾರದಿಂದ ಈ ಕೀಲಿಗೆ ಭದ್ರತೆ ಸಾಲದು. ಕಟ್ಟುಗಳೇ ಅದಕ್ಕೆ ಆಧಾರ. ಒಳಮಗ್ಗುಲಿನಲ್ಲಿ ಒಂದು, ಹೊರಮಗ್ಗುಲಿನಲ್ಲಿ ಒಂದು, ಕೀಲಿನ ನಡುವೆ ಕತ್ತರಿಯಂತೆ ಅಡ್ಡಹಾಯುವ ಎರಡು—ಹೀಗೆ ಮುಖ್ಯವಾದ ರಜ್ಜುಗಳು ನಾಲ್ಕು. ನಡುವಿನವುಗಳಲ್ಲಿ ಮುಂದಿನದನ್ನು ವೈದ್ಯರು ಎ.ಸಿ.ಎಲ್. ಎಂದು ಸಂಕ್ಷೇಪಿಸುತ್ತಾರೆ, ನಾವು ಇಲ್ಲಿ ಮುಂದಿನ ಅಡ್ಡರಜ್ಜುವೆಂದು ಕರೆಯುತ್ತೇವೆ. ಅದರ ಉದ್ದ ಸುಮಾರು ಮೂರು ಸೆಂಟಿಮೀಟರು, ದಪ್ಪ ಕಿರುಬೆರಳಿನಷ್ಟು. ಕೆಳಗಾಲು ಮುಂದಕ್ಕೆ ಜಾರದಂತೆಯೂ ಮಿತಿಮೀರಿ ತಿರುಚದಂತೆಯೂ ತಡೆಯುವುದು ಅದರ ಕೆಲಸ.

ಹೆಜ್ಜೆ ನೆಲದಲ್ಲಿ ನೆಟ್ಟಿದ್ದು ಮೈ ತಿರುಗಿದಾಗ ಈ ರಜ್ಜು ಹರಿಯುತ್ತದೆ. ಸಡಿಲಮಣ್ಣಿನಲ್ಲಿ ಪಾದ ಹೂತಿದ್ದಾಗ ಎದುರಾಳಿಯು ಒಂಟಿಕಾಲು ಹಿಡಿದು ಎಳೆದರೆ, ಕಬಡ್ಡಿಯಲ್ಲಿ ಗೆರೆಯ ಕಡೆಗೆ ಹೊರಳುವಾಗ, ಖೋ ಖೋ ಆಟದಲ್ಲಿ ಓಟದ ದಿಕ್ಕನ್ನು ಥಟ್ಟನೆ ಬದಲಿಸುವಾಗ, ವಾಲಿಬಾಲಿನಲ್ಲಿ ನೆಗೆದು ಒಂದೇ ಕಾಲಿನ ಮೇಲೆ ಇಳಿಯುವಾಗ ಈ ಸಂದರ್ಭ ಒದಗುತ್ತದೆ. ಓಟದ ಮತ್ತು ಚೆಂಡಿನ ಆಟಗಳಲ್ಲಿ ಆಗುವ ಇಂಥ ಗಾಯಗಳಲ್ಲಿ ಹೆಚ್ಚಿನವು ಮತ್ತೊಬ್ಬರ ಪೆಟ್ಟಿಲ್ಲದೆಯೇ ಆಗುತ್ತವೆ. ಒಂದೇ ಆಟವನ್ನು ಆಡುವ ಹುಡುಗರಿಗಿಂತ ಹುಡುಗಿಯರಲ್ಲಿ ಇದರ ಪ್ರಮಾಣ ಎರಡು ಪಟ್ಟಿಗೂ ಮಿಗಿಲು. ಒಳಮಗ್ಗುಲಿನ ರಜ್ಜು ಕೀಲಿನ ಹೊರಗಿರುವುದರಿಂದ ಪಟ್ಟಿಯ ಆಸರೆಯಲ್ಲಿ ಬಹುಮಟ್ಟಿಗೆ ತಾನಾಗಿ ಮಾಯುತ್ತದೆ. ಅಡ್ಡರಜ್ಜು ಕೀಲಿನ ದ್ರವದ ನಡುವೆ ಇದೆ. ಅಲ್ಲಿ ರಕ್ತವು ಹೆಪ್ಪುಗಟ್ಟಿ ತುದಿಗಳನ್ನು ಬೆಸೆಯುವುದು ದುಸ್ತರವಾದುದರಿಂದ ಪೂರ್ಣವಾಗಿ ಹರಿದುದು ಮತ್ತೆ ಮೊದಲಿನಂತೆ ಕೂಡುವುದು ವಿರಳ.

೫

ಜರ್ಮನಿಯ ವೆಬರ್ ಸಹೋದರರು ೧೮೩೬ರಲ್ಲಿ ಮನುಷ್ಯನ ನಡಿಗೆಯ ಯಂತ್ರವಿಧಾನವನ್ನು ಕುರಿತು ಬರೆದ ಗ್ರಂಥದಲ್ಲಿ ಅಡ್ಡರಜ್ಜುಗಳನ್ನು ಕತ್ತರಿಸಿದಾಗ ಕೆಳಗಾಲು ಅಸಹಜವಾಗಿ ಹಿಂದೆಮುಂದೆ ಸರಿಯುವುದನ್ನು ವರ್ಣಿಸಿದರು. ಮಾಣಿಕನಗರವು ನೆಲೆಗೊಂಡ ೧೮೪೫ರಲ್ಲಿಯೇ ಫ್ರಾನ್ಸಿನ ಲಿಯೋನ್ ನಗರದ ಶಸ್ತ್ರವೈದ್ಯ ಅಮೆದೆ ಬೊನೆ ಕೀಲುರೋಗಗಳ ಗ್ರಂಥವನ್ನು ಹೊರತಂದನು. ಎಲುಬು ಮುರಿಯದಿದ್ದರೂ ಗಾಯದ ಗಳಿಗೆಯಲ್ಲಿ ಒಳಗೆ 'ಟಪ್' ಎಂಬ ಸದ್ದಾಗಿ, ಕೀಲಿನಲ್ಲಿ ರಕ್ತ ತುಂಬಿ ಊದಿ, ಕಾಲು ಕೆಲಸಕ್ಕೆ ಬಾರದಂತಾದರೆ ರಜ್ಜು ಹರಿದಿದೆಯೆಂದು ತಿಳಿಯಬೇಕೆಂದು ಅವನು ಬೋಧಿಸಿದನು. ೧೮೫೦ರಲ್ಲಿ ಎಡಿನ್‌ಬರೋದ ಜೇಮ್ಸ್ ಸ್ಟಾರ್ಕ್ ಇಂಥ ಇಬ್ಬರಿಗೆ ಕಟ್ಟು ಹಾಕಿ ಚಿಕಿತ್ಸೆ ಮಾಡಿದುದನ್ನು ವರದಿ ಮಾಡಿದನು.

ನಮ್ಮ ವಾದಕ್ಕೆ ಎಲ್ಲಕ್ಕಿಂತ ಮುಖ್ಯವಾದುದು ೧೮೭೫ನೆಯ ಇಸವಿ. ಆ ವರ್ಷ ಪ್ಯಾರಿಸಿನಲ್ಲಿ ಜಾರ್ಜ್ ನೂಲಿಸ್ ಎಂಬ ವೈದ್ಯನು ಮೊಣಕಾಲಿನ ಉಳುಕನ್ನು ಕುರಿತ ಪ್ರೌಢಪ್ರಬಂಧದಲ್ಲಿ ಒಂದು ಪರೀಕ್ಷೆಯನ್ನು ವಿವರಿಸಿದನು. ಮೊಣಕಾಲನ್ನು ಸ್ವಲ್ಪವೇ ಮಡಿಸಿ, ಒಂದು ಕೈಯಿಂದ ತೊಡೆಯನ್ನು ಸ್ಥಿರವಾಗಿ ಹಿಡಿದು, ಇನ್ನೊಂದು ಕೈಯಿಂದ ಕೆಳಗಾಲನ್ನು ಮುಂದಕ್ಕೆ ಎಳೆಯಬೇಕು. ರಜ್ಜು ಹರಿದಿದ್ದರೆ ಕೆಳಗಾಲು ತಡೆಯಿಲ್ಲದೆ ಮುಂದೆ ಸರಿಯುತ್ತದೆ. ಉಪಕರಣ ಬೇಡ, ವೆಚ್ಚವಿಲ್ಲ. ಇಷ್ಟಾದರೂ ಈ ಪರೀಕ್ಷೆ ವೈದ್ಯಲೋಕದ ವಾಡಿಕೆಯಾಗಲಿಲ್ಲ. ಮುಂದೆ ಬಹುಕಾಲ ಬಳಕೆಯಲ್ಲಿದ್ದುದು ಮೊಣಕಾಲನ್ನು ೯೦ ಅಂಶ ಮಡಿಸಿ ಎಳೆಯುವ ಪರೀಕ್ಷೆ. ಹೊಸದಾಗಿ ಊದಿದ ಕಾಲನ್ನು ಅಷ್ಟು ಮಡಿಸಲು ನೋವು ಬಿಡದು. ತೊಡೆಯ ಹಿಂಬದಿಯ ಮಾಂಸಖಂಡಗಳು ಬಿಗಿದು ಕೆಳಗಾಲನ್ನು ಹಿಂದಕ್ಕೆ ಹಿಡಿಯುತ್ತವೆ. ಆದುದರಿಂದ ಹರಿದ ರಜ್ಜು ಹರಿಯದಂತೆಯೇ ತೋರುತ್ತದೆ. ೧೯೭೬ರಲ್ಲಿ ಜೋಸೆಫ್ ಟಾರ್ಗ್ ಮತ್ತು ಸಂಗಡಿಗರು ಫಿಲಡೆಲ್ಫಿಯಾದ ಗುರು ಜಾನ್ ಲ್ಯಾಕ್‌ಮನ್ನರಿಂದ ಕಲಿತ ಪರೀಕ್ಷೆಯನ್ನು ಪ್ರಕಟಿಸಿದರು. ಮೊಣಕಾಲನ್ನು ೨೦ರಿಂದ ೩೦ ಅಂಶ ಮಾತ್ರ ಮಡಿಸಿ ಮಾಡುವ ಆ ಪರೀಕ್ಷೆ ಇಂದು ಲೋಕದಲ್ಲೆಲ್ಲ ಲ್ಯಾಕ್‌ಮನ್ ಪರೀಕ್ಷೆಯೆಂದು ಪ್ರಸಿದ್ಧ. ನೂಲಿಸನ ಬರಹಕ್ಕೂ ಇದಕ್ಕೂ ನಡುವೆ ೧೦೧ ವರ್ಷಗಳು. ಅಷ್ಟು ಕಾಲ ಎಷ್ಟು ಮೊಣಕಾಲುಗಳು 'ಬರಿಯ ಉಳುಕು' ಎನ್ನಿಸಿಕೊಂಡು ಹಾಳಾದುವೆಂಬುದನ್ನು ಎಣಿಸುವವರಿಲ್ಲ.

೬

ಶಸ್ತ್ರಚಿಕಿತ್ಸೆಯ ಆರಂಭದಲ್ಲಿಯೂ ಇಂಥದೇ ಒಂದು ವಿಚಿತ್ರ ಕಾಲಸಂಧಿಯಿದೆ. ೧೮೯೫ರ ನವೆಂಬರಿನಲ್ಲಿ ಜರ್ಮನಿಯ ರಾಂಟ್ಗೆನ್ನನು ಎಕ್ಸ್‌ಕಿರಣಗಳನ್ನು ಕಂಡುಹಿಡಿದನು. ಅದೇ ತಿಂಗಳು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮೇಯೊ ರಾಬ್ಸನ್ ೪೧ ವರ್ಷದ ಒಬ್ಬ ಗಣಿಕಾರ್ಮಿಕನ ಮೊಣಕಾಲನ್ನು ತೆರೆದು ಹರಿದ ಎರಡು ಅಡ್ಡರಜ್ಜುಗಳನ್ನೂ ಹೊಲಿದನು. ಗಾಯವಾಗಿ ಆಗಲೇ ೩೬ ವಾರಗಳು ಕಳೆದಿದ್ದವು. ಆರು ವರ್ಷಗಳ ಅನಂತರವೂ ಆ ಮನುಷ್ಯನು ಕುಂಟದೆ ದುಡಿಯುತ್ತಿದ್ದನೆಂದು ೧೯೦೩ರಲ್ಲಿ ವರದಿಯಾಯಿತು. ಎಕ್ಸ್‌ಕಿರಣವು ವೈದ್ಯಕ್ಕೆ ಮಹೋಪಕಾರ ಮಾಡಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಎಲುಬನ್ನು ತೋರಿಸುತ್ತದೆ, ರಜ್ಜುವನ್ನು ತೋರಿಸುವುದಿಲ್ಲ. 'ಚಿತ್ರ ತೆಗೆಸಿದೆವು, ಎಲುಬು ಸರಿಯಾಗಿದೆ, ಭಯವಿಲ್ಲ' ಎಂಬ ಸಮಾಧಾನ ಅಂದಿನಿಂದ ಹುಟ್ಟಿತು. ಕಾಣದ ಗಾಯವನ್ನು ಈ ಹೊಸ ಬೆಳಕು ಇನ್ನಷ್ಟು ಮರೆಗೆ ಸರಿಸಿತೆಂದರೆ ತಪ್ಪಾಗಲಾರದು.

ಹೊಲಿದ ರಜ್ಜು ಹಲವರಲ್ಲಿ ನಿಲ್ಲದಿದ್ದುದರಿಂದ ಬದಲಿ ರಜ್ಜುವನ್ನು ಕಟ್ಟುವ ಯೋಚನೆ ಬಂದಿತು. ೧೯೧೭ರಲ್ಲಿ ಬ್ರಿಸ್ಟಲಿನ ಹೇ ಗ್ರೋವ್ಸ್ ತೊಡೆಯ ಹೊರಬದಿಯ ಪಟ್ಟಿಯನ್ನೇ ಎಲುಬಿನಲ್ಲಿ ಕೊರೆದ ರಂಧ್ರಗಳ ಮೂಲಕ ಹಾಯಿಸಿ ಹೊಸ ರಜ್ಜುವನ್ನು ನಿರ್ಮಿಸಿದನು. ಸ್ವೀಡನ್ನಿನ ಈವಾರ್ ಪಾಮರ್ ೧೯೩೮ರ ಪ್ರಬಂಧದಲ್ಲಿ ಬೇಗನೆ ಗುರುತಿಸಿ ಬೇಗನೆ ಹೊಲಿಯಬೇಕೆಂದು ವಾದಿಸಿದನು. ಅಮೆರಿಕದ ಒಕ್ಲಹೋಮದಲ್ಲಿ ಫುಟ್‌ಬಾಲ್ ಆಟಗಾರರಿಗೆ ಚಿಕಿತ್ಸೆ ಮಾಡುತ್ತಿದ್ದ ಡಾನ್ ಓಡೊನಹ್ಯೂ ೧೯೫೦ರಲ್ಲಿ ಒಳಮಗ್ಗುಲಿನ ರಜ್ಜು, ಮುಂದಿನ ಅಡ್ಡರಜ್ಜು ಮತ್ತು ಒಳಗಿನ ಮೃದ್ವಸ್ಥಿಯ ಬಿಲ್ಲೆ ಒಟ್ಟಿಗೆ ಕೆಡುವ ತ್ರಿವಳಿ ಗಾಯದ ಕಡೆಗೆ ಗಮನ ಸೆಳೆದನು. ೧೯೬೩ರಲ್ಲಿ ಕೆನೆತ್ ಜೋನ್ಸ್ ಮಂಡಿಚಿಪ್ಪಿನ ಕೆಳಗಿನ ಪಟ್ಟಿಯ ನಡುಭಾಗವನ್ನು ಬದಲಿ ರಜ್ಜುವಾಗಿ ಬಳಸಿದನು. ಅದರ ಸುಧಾರಿತ ರೂಪವೂ ತೊಡೆಯ ಹಿಂಬದಿಯ ಸ್ನಾಯುರಜ್ಜುಗಳ ಬಳಕೆಯೂ ಇಂದು ಪ್ರಚಾರದಲ್ಲಿವೆ. ಕೀಲನ್ನು ಪೂರ್ತಿಯಾಗಿ ತೆರೆಯದೆ ಕೊಳವೆಯಿಂದ ಒಳಗೆ ನೋಡುವ ವಿಧಾನವು ಜಪಾನಿನ ಕೊಡುಗೆ. ೧೯೧೮ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಮೃತದೇಹದ ಮೊಣಕಾಲಿನಲ್ಲಿ ಅದನ್ನು ಮೊದಲು ಪ್ರಯೋಗಿಸಿದನು. ೧೯೬೨ರಲ್ಲಿ ಮಸಾಕಿ ವತನಬೆ ಅದರ ಮೂಲಕ ಹರಿದ ಬಿಲ್ಲೆಯ ಭಾಗವನ್ನು ತೆಗೆದನು. ೧೯೮೦ರ ದಶಕದಲ್ಲಿ ಎಂ.ಆರ್.ಐ. ಬಂದ ಮೇಲೆ ರಜ್ಜುವು ಚಿತ್ರದಲ್ಲಿಯೂ ಕಾಣಿಸಿಕೊಂಡಿತು.

೭

ಇಷ್ಟು ಬೆಳವಣಿಗೆಯಾದ ಮೇಲೆ ಹರಿದವರೆಲ್ಲರಿಗೂ ಶಸ್ತ್ರಚಿಕಿತ್ಸೆಯೇ ಗತಿಯೆಂದು ಭಾವಿಸುವುದು ಸಹಜ. ಆದರೆ ೨೦೧೦ರಲ್ಲಿ ಸ್ವೀಡನ್ನಿನಿಂದ ಪ್ರಕಟವಾದ ಪರೀಕ್ಷಾಧ್ಯಯನವೊಂದು ಈ ನಂಬಿಕೆಯನ್ನು ತಿದ್ದಿತು. ಅಡ್ಡರಜ್ಜು ಹರಿದ ೧೨೧ ಮಂದಿ ತರುಣ ತರುಣಿಯರಲ್ಲಿ ೬೨ ಮಂದಿಗೆ ಮೊದಲೇ ಶಸ್ತ್ರಚಿಕಿತ್ಸೆ ಮಾಡಿ ವ್ಯಾಯಾಮ ಕೊಡಲಾಯಿತು. ಉಳಿದ ೫೯ ಮಂದಿಗೆ ವ್ಯಾಯಾಮವನ್ನು ಕೊಟ್ಟು, ಬೇಕಾದರೆ ಮಾತ್ರ ಅನಂತರ ಶಸ್ತ್ರಚಿಕಿತ್ಸೆ ಎಂದು ಗೊತ್ತುಮಾಡಲಾಯಿತು. ಎರಡು ವರ್ಷಗಳ ಕೊನೆಗೆ ಎರಡು ಗುಂಪುಗಳ ಸ್ಥಿತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡನೆಯ ಗುಂಪಿನಲ್ಲಿ ಅಷ್ಟರೊಳಗೆ ಶಸ್ತ್ರಚಿಕಿತ್ಸೆ ಬೇಕಾದವರು ೨೩ ಮಂದಿ. ಐದು ವರ್ಷಗಳಲ್ಲಿ ಆ ಸಂಖ್ಯೆ ೩೦ಕ್ಕೆ ಏರಿತು. ಅಂದರೆ ಸುಮಾರು ಅರ್ಧದಷ್ಟು ಮಂದಿ ಕ್ರಮವಾದ ವ್ಯಾಯಾಮದಿಂದಲೇ ಬಾಳಿಕೊಂಡರು. ಆದರೂ ಮೈ ತಿರುಚುವ ಕುಸ್ತಿ, ಕಬಡ್ಡಿಗಳಂಥ ಆಟಗಳಿಗೆ ಮರಳಬೇಕೆನ್ನುವವರಿಗೂ, ನಡೆಯುವಾಗಲೇ ಕಾಲು ಜಾರುವವರಿಗೂ ಬದಲಿ ರಜ್ಜುವನ್ನೇ ಸಾಮಾನ್ಯವಾಗಿ ಸೂಚಿಸುತ್ತಾರೆ.

ಎರಡು ಮಾರ್ಗಗಳಿಗೂ ಸಮಾನವಾದುದು ಕಾಲಾವಕಾಶ. ಬದಲಿ ರಜ್ಜು ನಾಟಿಹಾಕಿದ ಸಸಿಯಂತೆ ಮೊದಲು ದುರ್ಬಲವಾಗಿ, ಮೆಲ್ಲಮೆಲ್ಲನೆ ಬೇರೂರಿ ಬಲವಾಗುತ್ತದೆ. ೨೦೧೬ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ತಡಮಾಡಿದ ಒಂದೊಂದು ತಿಂಗಳಿಗೂ ಮರುಗಾಯದ ಪ್ರಮಾಣ ಅರ್ಧದಷ್ಟು ಇಳಿಯಿತು. ಆ ವರ್ಷದ ಆಗಸ್ಟಿನಲ್ಲಿಯೇ ರಿಯೋ ಒಲಿಂಪಿಕ್ಸಿನ ಕಣದಿಂದ ಕುಸ್ತಿಪಟು ವಿನೇಶ್ ಫೋಗಟ್ ಅವರನ್ನು ಮೊಣಕಾಲಿನ ಗಾಯದಿಂದಾಗಿ ಹೊತ್ತುಕೊಂಡು ಹೋಗಬೇಕಾಯಿತು. ಶಸ್ತ್ರಚಿಕಿತ್ಸೆ ಮತ್ತು ದೀರ್ಘವಾದ ಪುನಶ್ಚೇತನದ ಅನಂತರ ೨೦೧೮ರಲ್ಲಿ ಅವರು ಜಕಾರ್ತಾದ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಆ ಕೂಟದ ಕುಸ್ತಿಯಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ. ಲೋಕವೇ ನೋಡುತ್ತಿದ್ದ ಕಣದಲ್ಲಿ ಗಾಯವಾದುದರಿಂದ ಅವರ ಮೊಣಕಾಲನ್ನು ಯಾರೂ 'ಬರಿಯ ಉಳುಕು' ಎನ್ನಲಿಲ್ಲ. ಹಳ್ಳಿಯ ಜಾತ್ರೆಯ ಪೈಲ್ವಾನನಿಗೂ ತಾಲ್ಲೂಕು ಮಟ್ಟದ ಖೋ ಖೋ ಆಟಗಾರ್ತಿಗೂ ಆ ಭಾಗ್ಯವಿಲ್ಲ.

೮

ಹುಮನಾಬಾದಿನಲ್ಲಿ ಬೀದರ, ಕಲಬುರಗಿ ಮತ್ತು ಹೈದರಾಬಾದುಗಳ ದಾರಿಗಳು ಕೂಡುತ್ತವೆ. ಕಲಬುರಗಿಯಲ್ಲಿ ೧೯೬೩ರಿಂದ ವೈದ್ಯಕೀಯ ಕಾಲೇಜಿದೆ, ಬೀದರದಲ್ಲಿಯೂ ಇದೆ. ಕೈಯಿಂದ ಮಾಡುವ ಪರೀಕ್ಷೆಗೆ ದೊಡ್ಡ ಯಂತ್ರವೂ ಬೇಡ. ಹೀಗಿರುವಲ್ಲಿ ತಡವಾಗುವುದು ದಾರಿಯ ದೂರದಿಂದಲ್ಲ. ಗಾಯದ ಹೆಸರು ತಿಳಿಯದೆ ಇರುವುದರಿಂದ. ಬಾವು ಇಳಿದುದನ್ನೇ ಗುಣವೆಂದು ಬಗೆದು ಆಡಿದ ಪ್ರತಿಯೊಂದು ಆಟದಲ್ಲಿಯೂ ಸಡಿಲವಾದ ಕೀಲು ಜಾರಿ ಒಳಗಿನ ಬಿಲ್ಲೆಗಳನ್ನು ಅರೆಯುತ್ತದೆ. ಇಪ್ಪತ್ತರಲ್ಲಿ ಬಿದ್ದ ತರುಣನು ನಲವತ್ತಕ್ಕೆ ಕೀಲುಸವೆತದ ರೋಗಿಯಾಗುತ್ತಾನೆ. ಹೊಲದ ದುಡಿಮೆಯನ್ನೇ ನಂಬಿದ ಮನೆಗೆ ಇದು ಪದಕದ ನಷ್ಟವಲ್ಲ, ಅನ್ನದ ನಷ್ಟ.

ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ನೆನಪಿಡಬೇಕಾದ ಲಕ್ಷಣಗಳು ನಾಲ್ಕೇ. ತಿರುಚಿದ ಗಳಿಗೆಯಲ್ಲಿ ಒಳಗೆ ಸದ್ದಾದಂತಾಗುವುದು, ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದುವುದು, ಆಟವನ್ನು ಮುಂದುವರಿಸಲಾಗದಿರುವುದು, ಮುಂದೆ ತಿರುಗುವಾಗ ಕಾಲು ಜಾರಿದಂತಾಗುವುದು. ಆಟಗಾರರ ಮೊಣಕಾಲಿನಲ್ಲಿ ಹೀಗೆ ಬೇಗನೆ ರಕ್ತ ತುಂಬಿದರೆ ಹತ್ತರಲ್ಲಿ ಸುಮಾರು ಏಳು ಸಲ ಅಡ್ಡರಜ್ಜು ಹರಿದಿರುತ್ತದೆಂದು ಅಧ್ಯಯನಗಳು ತೋರಿಸಿವೆ. ಅಂಥವರನ್ನು ಆ ದಿನ ಮತ್ತೆ ಆಡಿಸಬಾರದು. ಕಾಲನ್ನು ಎತ್ತರದಲ್ಲಿರಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನಿಟ್ಟು, ಹದವಾಗಿ ಪಟ್ಟಿ ಕಟ್ಟಿ, ಎಲುಬುಕೀಲಿನ ವೈದ್ಯರ ಬಳಿಗೆ ಕಳುಹಿಸಬೇಕು. ಊದಿದ ಮೊಣಕಾಲನ್ನು ಮೊದಲ ದಿನಗಳಲ್ಲಿ ತಿಕ್ಕಿಸಬಾರದು, ಶಾಖ ಕೊಡಬಾರದು. ಈ ಮಾತನ್ನು ತಾಲೀಮಿನ ವಸ್ತಾದರಿಗೆ ಮರ್ಯಾದೆಯಿಂದ ತಿಳಿಸಿದರೆ ಅವರೇ ಇದರ ಮೊದಲ ಪ್ರಚಾರಕರಾಗುವರೆಂಬ ಭರವಸೆ ನಮಗಿದೆ. ಗಾಯಕ್ಕೆ ಮುಂಚಿನ ತಡೆಯೂ ಉಂಟು. ನೆಗೆದು ಇಳಿಯುವ, ನಿಂತು ಹೊರಳುವ ಸರಿಯಾದ ಕ್ರಮವನ್ನೂ ಸಮತೋಲವನ್ನೂ ತೊಡೆಯ ಬಲವನ್ನೂ ಆಟಕ್ಕೆ ಮುನ್ನ ನಿತ್ಯವೂ ಅಭ್ಯಾಸ ಮಾಡಿಸಿದರೆ ಇಂಥ ಗಾಯಗಳು ಅರ್ಧದಷ್ಟು ಕಡಮೆಯಾಗುತ್ತವೆ. ಒಂಬತ್ತು ಶತಮಾನಗಳ ಹಿಂದೆ ಕಲ್ಯಾಣದ ಅರಸನು ಪಟ್ಟಿಮಾಡಿದ ಶ್ರಮಗಳ ಸಾಲಿಗೆ ಇದನ್ನು ಇನ್ನೊಂದು ಶ್ರಮವಾಗಿ ಸೇರಿಸಿಕೊಳ್ಳಬಹುದು.

ತಿಳಿವು ಒಮ್ಮೆ ದೊರೆತರೆ ಉಳಿದೇ ತೀರುವುದೆಂಬ ಭರವಸೆಯನ್ನು ಚರಿತ್ರೆ ಕೊಡುವುದಿಲ್ಲ. ಸುಶ್ರುತನ ಸ್ನಾಯು ನಮ್ಮ ಮಾತಿನಲ್ಲಿ ಅರ್ಥಾಂತರ ಹೊಂದಿತು. ನೂಲಿಸನ ಪರೀಕ್ಷೆ ನೂರು ವರ್ಷ ಪುಸ್ತಕದಲ್ಲಿಯೇ ಉಳಿಯಿತು. ಮುಂದಿನ ಜಾತ್ರೆಯಲ್ಲಿ ಇಬ್ಬರ ಹೆಗಲ ಮೇಲೆ ಕೈಯಿಟ್ಟು ಕಣದಿಂದ ಹೊರಬರುವ ತರುಣನ ಬಳಿ ನಿಂತವರಲ್ಲಿ ಒಬ್ಬರಾದರೂ ಅವನ ಗಾಯದ ಹೆಸರನ್ನು ಬಲ್ಲವರಿದ್ದರೆ ನಮ್ಮ ಈ ಶ್ರಮ ಸಾರ್ಥಕ.